ಮಸ್ಕಿ ಹಿಡಿಯೋಕೆ ನೀರು ತಣ್ಣಗಾಗಲಿ ಅಂತ ಯಾಕೆ ಕಾಯ್ತಾರೆ?

(ಈ ವಾರದ ಪಾಡ್‌ಕಾಸ್ಟ್‌ನ ಬರಹ ರೂಪ)

ಮಸ್ಕಿ ಅಂದ ತಕ್ಷಣ ನಿಮಗೆ ರಾಯಚೂರು ಜಿಲ್ಲೆಯ ಮಸ್ಕಿ, ಅಲ್ಲಿನ ಅಶೋಕನ ಶಾಸನ ನೆನಪಾಗಬಹುದು. ಇವತ್ತು ಆ ಊರಿನ ಕತೆ ಅಲ್ಲ, ಒಂದು ಮೀನಿನ ಕತೆ. ಪೂರ್ತಿ ಹೆಸರು ಮಸ್ಕೆಲಂಜ್. ನಾನಿರೋ ಮಿನೆಸೋಟ, ಪಕ್ಕದ ವಿಸ್ಕಾನ್ಸಿನ್, ಗಡಿಯಾಚೆ ಕೆನಡಾದ ಒಂಟಾರಿಯೊ, ಈ ಕಡೆಯ ಸರೋವರಗಳಲ್ಲಿ ಗಾಳ ಹಾಕೋರಿಗೆ ಈ ಮೀನಿನ ಹುಚ್ಚು. ವಿಸ್ಕಾನ್ಸಿನ್‌ಗಂತೂ ಇದು ರಾಜ್ಯ ಮೀನು. ನಾಲ್ಕು ಅಡಿ ದಾಟಿ ಬೆಳೆಯುತ್ತೆ, ಬಾಯಿ ತುಂಬ ಚೂಪು ಹಲ್ಲು. ಹತ್ತು ಸಾವಿರ ಸಲ ಗಾಳ ಎಸೆದರೆ ಒಂದು ಸಿಗುತ್ತೆ ಅನ್ನೋದು ಇಲ್ಲಿನವರ ಮಾತು.

ಇಷ್ಟು ಹುಚ್ಚು ಇರೋರೇ ಜುಲೈ ಬಿಸಿಲು ಏರಿದಾಗ ಗಾಳದ ಕೋಲನ್ನ ಮೂಲೆಗೆ ಇಟ್ಟು ಸುಮ್ಮನೆ ಕೂರ್ತಾರೆ. ಕಾನೂನು ಅಡ್ಡ ಬರಲ್ಲ, ಸೀಸನ್ ಓಪನ್ ಇರುತ್ತೆ. ಮೀನು ಸಿಗಲ್ಲ ಅಂತಾನೂ ಅಲ್ಲ. ಸಿಕ್ಕಿದ್ದು ಸತ್ತುಹೋಗಬಹುದು ಅನ್ನೋ ಭಯ.

ಯಾಕಂದ್ರೆ ಇಲ್ಲಿ ಮಸ್ಕಿಯನ್ನ ತಿನ್ನೋಕೆ ಹಿಡಿಯೋರು ಕಡಿಮೆ. ಹಿಡಿದು, ಅಳೆದು, ಫೋಟೋ ತೆಗೆದು ವಾಪಸ್ ಬಿಡ್ತಾರೆ. ಮಿನೆಸೋಟದ ಬಹುತೇಕ ಕಡೆ 54 ಇಂಚಿಗಿಂತ ಚಿಕ್ಕದನ್ನ ಬಿಡಲೇಬೇಕು. ಆದರೆ ಬಿಟ್ಟ ಮೀನೆಲ್ಲ ಬದುಕುತ್ತಾ?

ಈಗ ನನ್ನ ತಪ್ಪು ಹೇಳ್ತೀನಿ. ಎರಡು ವರ್ಷದ ಹಿಂದೆ, ಜುಲೈನಲ್ಲಿ, ನನಗೆ ಮೊದಲ ಮಸ್ಕಿ ಸಿಕ್ತು. ಮೀನನ್ನ ಎತ್ತಿ ಹಿಡ್ಕೊಂಡು, ಗೆಳೆಯನಿಗೆ ಫೋನ್ ಕೊಟ್ಟು, "ಇನ್ನೊಂದು ತೆಗಿ, ಇನ್ನೊಂದು" ಅಂತಾನೇ ಇದ್ದೆ. ಬಿಟ್ಟಾಗ ಬಾಲ ಬೀಸಿ ಹೊರಟುಹೋಯ್ತು. ಸ್ಟೇಟಸ್ ಹಾಕಿದೆ, ಲೈಕ್ಸ್ ಬಂತು. ಎಷ್ಟೋ ವರ್ಷದಿಂದ ಮಸ್ಕಿ ಹಿಡಿಯೋ ಪಕ್ಕದ ಮನೆಯ ಹಿರಿಯರು ಫೋಟೋ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಷ್ಟು ಬಿಸಿ ಇತ್ತು?" ನಾನು ನೋಡೇ ಇರಲಿಲ್ಲ.

ಅವರು ಆಮೇಲೆ ವಿವರಿಸಿದ್ದು ಇದು. ನೀರು ಬಿಸಿಯಾದಷ್ಟೂ ಅದು ಹಿಡಿದಿಟ್ಟುಕೊಳ್ಳೋ ಆಕ್ಸಿಜನ್ ಕಡಿಮೆ ಆಗುತ್ತೆ. 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಲ್ಲಿ ಸುಮಾರು 11 ಮಿಲಿಗ್ರಾಂ ಕರಗಬಲ್ಲದು. 27 ಡಿಗ್ರಿಯಲ್ಲಿ ಬರೀ 8. ಇನ್ನೊಂದು ಕಡೆ, ಮೀನು ಶೀತರಕ್ತದ ಜೀವಿ. ನೀರು ಬಿಸಿಯಾದರೆ ಅದರ ಮೈಯೂ ಬಿಸಿ, ಆಗ ಅದಕ್ಕೆ ಆಕ್ಸಿಜನ್ ಹೆಚ್ಚು ಬೇಕು. ಅಂದ್ರೆ ಸಂಬಳ ಕಡಿಮೆ ಆದ ತಿಂಗಳಲ್ಲೇ ಖರ್ಚು ಜಾಸ್ತಿ ಆದ ಹಾಗೆ.

ಅಂಥ ಹೊತ್ತಲ್ಲಿ ಗಾಳಕ್ಕೆ ಸಿಕ್ಕ ಮೀನು ಜೀವ ಬಿಟ್ಟು ಎಳೆದಾಡುತ್ತೆ. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬುತ್ತೆ. ಅದರ ಮೇಲೆ ನಾವು ನೀರಿಂದ ಹೊರಗೆ ಎತ್ತಿದರೆ ಉಸಿರೇ ಇಲ್ಲ. ಬಿಟ್ಟ ಮೇಲೆ ಈಜಿಕೊಂಡು ಹೋಗುತ್ತೆ, ನಿಜ. ಆದರೆ ಸುಧಾರಿಸಿಕೊಳ್ಳೋಕೆ ಆಗದೆ ಗಂಟೆಗಳ ನಂತರ, ಕೆಲವೊಮ್ಮೆ ಮಾರನೇ ದಿನ, ನಮ್ಮ ಕಣ್ಣಿಗೆ ಬೀಳದೆ ಸಾಯಬಹುದು.

ಕೆಳಗೆ ತಣ್ಣನೆ ನೀರಿಗೆ ಹೋಗಬಹುದಲ್ವಾ ಅಂತ ಕೇಳಬಹುದು. ಬೇಸಿಗೆಯಲ್ಲಿ ಆಳದ ಸರೋವರ ಪದರ ಪದರ ಆಗುತ್ತೆ. ಮೇಲೆ ಬಿಸಿ, ಕೆಳಗೆ ತಂಪು, ಎರಡೂ ಬೆರೆಯಲ್ಲ. ಎಷ್ಟೋ ಸರೋವರಗಳಲ್ಲಿ ಆ ತಂಪು ನೀರಲ್ಲಿ ಆಕ್ಸಿಜನ್ ತೀರಿಹೋಗಿರುತ್ತೆ. ಮೀನು ಮಧ್ಯೆ ಸಿಕ್ಕಿಹಾಕಿಕೊಳ್ಳುತ್ತೆ.

ಅದಕ್ಕೇ ಇಲ್ಲಿ ಒಂದು ಕಟ್ಟುಪಾಡು: ನೀರು 80 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ ಸುಮಾರು 27 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಸ್ಕಿಗೆ ರಜೆ. ಕೆಲವರು 78ಕ್ಕೇ ನಿಲ್ಲಿಸ್ತಾರೆ. ನಮಗೆ 27 ಅಂದ್ರೆ ಆರಾಮ ಹವೆ, ಆ ಮೀನಿಗೆ ಅಲ್ಲ.

ಮತ್ತೆ, ಒಂದು ರಾತ್ರಿ ಚಳಿ ಬಿದ್ದರೆ ಸಾಲಲ್ಲ. ನೀರು ನಿಧಾನಕ್ಕೆ ಕಾಯುತ್ತೆ, ನಿಧಾನಕ್ಕೆ ಆರುತ್ತೆ. ಸಾಲಾಗಿ ಕೆಲವು ತಂಪು ರಾತ್ರಿ, ಮೋಡ, ಗಾಳಿ ಬೇಕು. ಆದ್ದರಿಂದ ಫೋನಲ್ಲಿ ಹವಾಮಾನದ ಆ್ಯಪ್ ನೋಡಿ ಹೊರಡಬೇಡಿ, ಅದು ಹೇಳೋದು ಗಾಳಿಯ ಬಿಸಿ. ನೀರಿಗೇ ಥರ್ಮಾಮೀಟರ್ ಇಳಿಸಿ.

ತಣ್ಣಗಾದ ಮೇಲೂ ಗಟ್ಟಿ ಕೋಲು, ಗಟ್ಟಿ ದಾರ ಇಟ್ಕೊಂಡು ಬೇಗ ಎಳ್ಕೊಳ್ಳಿ. ದೊಡ್ಡ ಬಲೆಯೊಳಗೆ ಮೀನನ್ನ ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ, ಬರದಿದ್ದರೆ ಕತ್ತರಿಸಿ. ಕ್ಯಾಮೆರಾ ರೆಡಿ ಆದ ಮೇಲೆ ಮಾತ್ರ ಎತ್ತಿ, ಕೆಲವೇ ಸೆಕೆಂಡು.

ನನ್ನ ಆ ಮಸ್ಕಿ ಬದುಕಿದೆಯೋ ಇಲ್ವೋ, ನನಗೆ ಯಾವತ್ತೂ ಗೊತ್ತಾಗಲ್ಲ. ಫೋಟೋ ಫೋನಲ್ಲಿದೆ, ಸ್ಟೇಟಸ್‌ಗೆ ಮತ್ತೆ ಹಾಕಿಲ್ಲ. ಇವತ್ತು ಬೆಳಿಗ್ಗೆ ನೀರು 82 ಇತ್ತು. ಮನೆಗೆ ವಾಪಸ್ ಬಂದೆ. ಸೆಪ್ಟೆಂಬರ್ ದೂರ ಇಲ್ಲ.