ಫ್ಯಾನ್ ತಿರುಗಿದರೆ ಸಾಲದು

ಅಟ್ಟದಿಂದ ಇಳಿಸಿದ ಹಳೇ ಕಂಪ್ಯೂಟರಿಗೆ ಎಲ್ಲರೂ ಮಾಡುವ ಪರೀಕ್ಷೆ ಒಂದೇ. ಧೂಳು ಕೊಡವಿ, ಪ್ಲಗ್ ಚುಚ್ಚಿ, ಸ್ವಿಚ್ ಒತ್ತುತ್ತಾರೆ. ಹಿಂದಿನ ಫ್ಯಾನ್ ತಿರುಗಿತೋ, ‘ಎಸ್‌ಎಂಪಿಎಸ್‌ಗೆ ಏನೂ ಆಗಿಲ್ಲ ಬಿಡಿ’ ಎಂಬ ತೀರ್ಮಾನ. ಆ ತೀರ್ಮಾನಕ್ಕೆ ಬುಡವಿಲ್ಲ. 12 ವೋಲ್ಟಿನ ಆ ಫ್ಯಾನ್ 9 ವೋಲ್ಟಿಗೂ ತಿರುಗುತ್ತದೆ, 14 ವೋಲ್ಟಿಗೂ ತಿರುಗುತ್ತದೆ. ಎಸ್‌ಎಂಪಿಎಸ್ ಎಂಬ ಅದೇ ಪವರ್ ಸಪ್ಲೈ ಪೆಟ್ಟಿಗೆಯಿಂದ ಕರೆಂಟ್ ಪಡೆಯುವ ಹಾರ್ಡ್ ಡಿಸ್ಕ್ ಅಷ್ಟು ಏರುಪೇರು ತಾಳುವುದಿಲ್ಲ. ಮನೆಯವರ ಹಳೇ ಫೋಟೊ, ಅಪ್ಪ ಟೈಪ್ ಮಾಡಿಟ್ಟ ಲೆಕ್ಕಪತ್ರ ಎಲ್ಲ ಇರುವುದು ಆ ಡಿಸ್ಕಿನಲ್ಲೇ. ಮುಟ್ಟಿದವರಿಗೆ ಈ ಪೆಟ್ಟಿಗೆಯಿಂದ ಅಪಾಯವಿದೆಯೇ, ಜೋಡಿಸಿದ ಯಂತ್ರಕ್ಕೆ ಅಪಾಯವಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಯೇ ಕೇಳಬೇಕು.

ಪೆಟ್ಟಿಗೆಯೊಳಗೆ ಆಗುವುದೇನೆಂದು ಮೊದಲು ತಿಳಿಯೋಣ. ಗೋಡೆಯಿಂದ ಬಂದ 230 ವೋಲ್ಟ್ ಎಸಿಯನ್ನು ಡಯೋಡ್‌ಗಳು ಡಿಸಿ ಮಾಡುತ್ತವೆ. ಹಾಗೆ ಮಾಡಿದಾಗ ಅದು ಸುಮಾರು 325 ವೋಲ್ಟಿಗೆ ನಿಲ್ಲುತ್ತದೆ. 230 ಎನ್ನುವುದು ಏರಿಳಿಯುವ ಅಲೆಯ ಒಂದು ಬಗೆಯ ಸರಾಸರಿ; ಅಲೆಯ ನೆತ್ತಿ ಇರುವುದು 325ರಲ್ಲಿ. ಈ ಡಿಸಿಯನ್ನು ಟ್ರಾನ್ಸಿಸ್ಟರ್‌ಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಪುಟ್ಟದೊಂದು ಟ್ರಾನ್ಸ್‌ಫಾರ್ಮರಿಗೆ ಕೊಡುತ್ತವೆ. ಅದರ ಆಚೆ ಕಡೆಯಿಂದ 12, 5 ಮತ್ತು 3.3 ವೋಲ್ಟ್ ಹೊರಬರುತ್ತದೆ. ಗೋಡೆಯ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದಲ್ಲ, ಆ ಬಿಡುವು ಕಂಪ್ಯೂಟರಿಗೆ ತಿಳಿಯದಂತೆ ನೋಡಿಕೊಳ್ಳುವುದು ಎರಡು ದಪ್ಪ ಕೆಪಾಸಿಟರ್‌ಗಳು. ಬೀದಿ ನಲ್ಲಿ ನಿಂತರೂ ಮನೆಯೊಳಗೆ ನೀರು ಬರುವಂತೆ ಮಾಡುವ ಚಾವಣಿಯ ಟ್ಯಾಂಕಿನ ಕೆಲಸವೇ ಅವುಗಳದ್ದು.

ಟ್ಯಾಂಕ್ ತುಂಬಿದ್ದರೆ ಅಪಾಯವೂ ಇದೆ. 470 ಮೈಕ್ರೋಫ್ಯಾರಡಿನ ಎರಡು ಕೆಪಾಸಿಟರ್ ಸಾಲಾಗಿ ಜೋಡಿಸಿರುವ ಪೆಟ್ಟಿಗೆಯಲ್ಲಿ ಸುಮಾರು 12 ಜೌಲ್ ಶಕ್ತಿ 325 ವೋಲ್ಟಿನಲ್ಲಿ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೆ ಅದನ್ನು ಬಸಿದು ಖಾಲಿ ಮಾಡಲೆಂದೇ ರೆಸಿಸ್ಟರ್ ಇರುತ್ತದೆ. ಆದರೆ ಅದು ಸುಟ್ಟುಹೋಗಿದ್ದರೆ ಚಾರ್ಜ್ ಹಾಗೇ ಉಳಿದು, ಮುಟ್ಟಿದ ಕೈಗಾಗಿ ಕಾದಿರುತ್ತದೆ. ಈ ಕೆಲಸ ಬಲ್ಲವರ ಹೊರತು ಬೇರೆಯವರು ಪೆಟ್ಟಿಗೆಯ ಸ್ಕ್ರೂ ಬಿಚ್ಚಲೇಬಾರದು. ಬಿಚ್ಚದೆಯೂ ಬಹಳ ನೋಡಬಹುದು.

ಫ್ಯಾನಿನ ಜಾಲರಿಗೆ ಟಾರ್ಚ್ ಹಿಡಿದು ಒಳಗೆ ಇಣುಕಿ. ಉರುಳೆ ಆಕಾರದ ಕೆಪಾಸಿಟರ್‌ಗಳ ನೆತ್ತಿ ಕಾಣುತ್ತದೆ, ಅದರ ಮೇಲೆ ಕೂಡು ಚಿಹ್ನೆಯಂತೆ ಗೀರು ಹಾಕಿರುತ್ತಾರೆ. ಒಳಗೆ ಅನಿಲ ತುಂಬಿ ಒತ್ತಡ ಹೆಚ್ಚಿದಾಗ ಅಲ್ಲೇ ಬಿರಿಯಲಿ ಎಂದು ಆ ಗೀರು. ನೆತ್ತಿ ಸಪಾಟಾಗಿದ್ದರೆ ಸರಿ. ಉಬ್ಬಿದ್ದರೆ, ಗೀರಿನಿಂದ ಕಂದು ಬಣ್ಣದ ರಸ ಒಸರಿ ಒಣಗಿದ್ದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮೂಗನ್ನೂ ಬಳಸಿ. ಸುಟ್ಟ ವಾಸನೆಯಾಗಲಿ, ಮೀನಿನಂಥ ಕಮಟು ವಾಸನೆಯಾಗಲಿ ಒಳ್ಳೆಯದಲ್ಲ. ವೈರುಗಳ ತುದಿಯ ಬಿಳಿ ಕನೆಕ್ಟರ್ ಕಂದಿದ್ದರೆ ಅಲ್ಲಿ ಸಡಿಲ ಜೋಡಣೆಯಿಂದ ಬಿಸಿಯಾಗಿದೆ ಎಂದರ್ಥ.

ಕೆಪಾಸಿಟರ್ ಮುಪ್ಪಾಗುವುದು ಅದರೊಳಗಿನ ದ್ರವದಿಂದ. ಅಲ್ಯುಮಿನಿಯಂ ಹಾಳೆಗಳ ನಡುವೆ ಎಲೆಕ್ಟ್ರೊಲೈಟ್‌ನಲ್ಲಿ ನೆನೆಸಿದ ಕಾಗದ ಸುತ್ತಿ, ಬುಡಕ್ಕೆ ರಬ್ಬರ್ ಬಿರಡೆ ಹಾಕಿರುತ್ತಾರೆ. ವರ್ಷಗಳು ಕಳೆದಂತೆ ಆ ದ್ರವ ಆರುತ್ತದೆ. ಬಿಸಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಂಜಿನಿಯರುಗಳು ಬಳಸುವ ಲೆಕ್ಕ. ಧೂಳು ಕಟ್ಟಿ ಫ್ಯಾನ್ ನಿಧಾನವಾದ ಪೆಟ್ಟಿಗೆ ವಯಸ್ಸಿಗಿಂತ ಮೊದಲೇ ಮುದಿಯಾಗುವುದು ಹೀಗೆ. ಇದಕ್ಕೆ ಕಳಪೆ ಎಲೆಕ್ಟ್ರೊಲೈಟ್ ಕೂಡಿದರೆ ಏನಾಗುತ್ತದೆಂದು ಈ ಶತಮಾನದ ಮೊದಲ ವರ್ಷಗಳಲ್ಲಿ ಜಗತ್ತೇ ಕಂಡಿತು. ಆಗ ತಯಾರಾದ ಲೆಕ್ಕವಿಲ್ಲದಷ್ಟು ಮದರ್‌ಬೋರ್ಡುಗಳಲ್ಲಿ, ಪವರ್ ಸಪ್ಲೈಗಳಲ್ಲಿ ಕೆಪಾಸಿಟರ್‌ಗಳು ಅಕಾಲದಲ್ಲಿ ಉಬ್ಬಿ ಒಡೆದವು. ಇಂಥ ಬೋರ್ಡುಗಳಿದ್ದ ಕಂಪ್ಯೂಟರುಗಳ ದುರಸ್ತಿಗಾಗಿ ಡೆಲ್ ಕಂಪನಿ 2005ರಲ್ಲಿ 30 ಕೋಟಿ ಡಾಲರ್ ತೆಗೆದಿಟ್ಟಿತು. ಆ ಕಾಲದ ಯಂತ್ರ ನಿಮ್ಮಲ್ಲಿದ್ದರೆ ಅನುಮಾನದಿಂದಲೇ ಶುರು ಮಾಡಿ.

ಅಮೆರಿಕದಿಂದ ಬಂದ ಹಳೇ ಯಂತ್ರವಾದರೆ ಇನ್ನೊಂದು ವಿಷಯ. ಹಿಂಭಾಗದಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇರಬಹುದು. ಅದು 115ರಲ್ಲಿದ್ದಾಗ ಒಳಗಿನ ಸರ್ಕಿಟ್ ವೋಲ್ಟೇಜನ್ನು ಇಮ್ಮಡಿ ಮಾಡುತ್ತದೆ. ಹಾಗೇ ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಒಟ್ಟು 400 ವೋಲ್ಟ್ ತಾಳುವ ಕೆಪಾಸಿಟರ್ ಜೋಡಿಯ ಮೇಲೆ 650 ವೋಲ್ಟ್ ಬೀಳುತ್ತದೆ. ಗುಂಡು ಹೊಡೆದ ಸದ್ದಿನೊಡನೆ ಅವು ಸಿಡಿಯುತ್ತವೆ.

ಕೆಟ್ಟ ಪವರ್ ಸಪ್ಲೈ ಕರೆಂಟ್ ಕೊಡುವುದನ್ನು ನಿಲ್ಲಿಸುತ್ತದೆ, ಅಷ್ಟೇ ತಾನೆ ಎಂದು ಬಹಳ ಜನ ನಂಬಿದ್ದಾರೆ. ನಿಲ್ಲಿಸಿದರೆ ಪುಣ್ಯ. 1982ರಲ್ಲಿ ಅಮೆರಿಕದಲ್ಲಿ ಹೊರಬಂದ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರನ್ನು ಇಂದಿಗೂ ಜೋಪಾನ ಮಾಡುವವರಿದ್ದಾರೆ. ಅದರ ಜೊತೆಗೆ ಬಂದ ಪವರ್ ಡಬ್ಬಿಯನ್ನು ಅವರು ಮುಟ್ಟುವುದಿಲ್ಲ. ಅದು ಎಸ್‌ಎಂಪಿಎಸ್ ಅಲ್ಲ, ಹಳೇ ಪದ್ಧತಿಯ ಟ್ರಾನ್ಸ್‌ಫಾರ್ಮರ್ ಡಬ್ಬಿ. ಅನೇಕ ಡಬ್ಬಿಗಳೊಳಗೆ ಎಪಾಕ್ಸಿ ಸುರಿದು ಗಟ್ಟಿ ಮಾಡಿದ್ದರಿಂದ ಬಿಸಿ ಹೊರಹೋಗಲು ದಾರಿಯಿಲ್ಲ, ರಿಪೇರಿಗೂ ಒದಗದು. ಒಳಗಿನ ರೆಗ್ಯುಲೇಟರ್ ಕೈಕೊಟ್ಟಾಗ 5 ವೋಲ್ಟ್ ಹೋಗಬೇಕಾದ ಕಡೆ ಅದಕ್ಕಿಂತ ಹೆಚ್ಚು ಹರಿದು ಮೆಮೊರಿ ಚಿಪ್‌ಗಳನ್ನು ಸುಡುತ್ತದೆ.

ಎಟಿಎಕ್ಸ್ ಮಾದರಿಯ ಹಳೇ ಎಸ್‌ಎಂಪಿಎಸ್‌ಗಳಲ್ಲೂ ಇದೇ ಬಗೆಯ ಒಂದು ದುರ್ಬಲ ಜಾಗವಿದೆ. 1995ರಲ್ಲಿ ಇಂಟೆಲ್ ರೂಪಿಸಿದ ಈ ಮಾದರಿಯಲ್ಲಿ ಕಂಪ್ಯೂಟರ್ ಶಟ್‌ಡೌನ್ ಆದ ಮೇಲೂ ನೇರಳೆ ವೈರಿನಲ್ಲಿ 5 ವೋಲ್ಟ್ ಸ್ಟ್ಯಾಂಡ್‌ಬೈ ಕರೆಂಟ್ ಹರಿಯುತ್ತಲೇ ಇರುತ್ತದೆ. ಅದಕ್ಕಾಗಿ ಒಳಗೊಂದು ಪ್ರತ್ಯೇಕ ಪುಟ್ಟ ಸರ್ಕಿಟ್. ಅಗ್ಗದ ಹಳೇ ವಿನ್ಯಾಸಗಳಲ್ಲಿ ಅದರ ವೋಲ್ಟೇಜನ್ನು ಹದ್ದುಬಸ್ತಿನಲ್ಲಿಡುವ ಹೊಣೆ ಬಿಸಿ ಜಾಗದಲ್ಲಿ ಕೂತ ಒಂದು ಚಿಕ್ಕ ಕೆಪಾಸಿಟರಿನ ಮೇಲಿರುತ್ತದೆ. ಅದು ಒಣಗಿದರೆ ಸ್ಟ್ಯಾಂಡ್‌ಬೈ ವೋಲ್ಟೇಜ್ ಏರಿ ಮದರ್‌ಬೋರ್ಡನ್ನು ಬಲಿ ತೆಗೆದುಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಸ್ವಿಚ್‌ಬೋರ್ಡಿನಲ್ಲೂ ಆಫ್ ಮಾಡುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ನಿಜಕ್ಕೂ ಕಾಪಾಡುತ್ತದೆ.

ಇನ್ನು ಮುಟ್ಟಿದವರ ಸುರಕ್ಷತೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆ ಎಂಬ ದೂರು ಸಾಮಾನ್ಯ, ಜನ ಎಸ್‌ಎಂಪಿಎಸ್ ಕೆಟ್ಟಿದೆ ಎನ್ನುತ್ತಾರೆ. ಹೆಚ್ಚಿನ ಸಲ ಕೆಟ್ಟಿರುವುದು ಮನೆಯ ಅರ್ಥಿಂಗ್. ಹೊರಗಿನ ಉಪಕರಣಗಳಿಗೆ ತೊಂದರೆಯಾಗದಂತೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ತೀರಾ ಚಿಕ್ಕ ಕೆಪಾಸಿಟರ್‌ಗಳನ್ನು ಜೋಡಿಸಿರುತ್ತಾರೆ. ಅರ್ಥ್ ಇದ್ದರೆ ಅವುಗಳ ಸೋರಿಕೆ ಭೂಮಿಗೆ ಹೋಗುತ್ತದೆ. ಇಲ್ಲವಾದರೆ ಕವಚ ಗೋಡೆಯ ವೋಲ್ಟೇಜಿನ ಅರ್ಧದಷ್ಟರಲ್ಲಿ ನಿಂತು, ಟೆಸ್ಟರ್ ಹಚ್ಚಿದರೆ ಬೆಳಗುತ್ತದೆ. ಆ ಜುಮ್ ಅಷ್ಟಕ್ಕೇ ಜೀವ ತೆಗೆಯುವುದಿಲ್ಲ. ಆದರೆ ಅರ್ಥ್ ಇಲ್ಲದ ಮನೆಯಲ್ಲಿ ಒಳಗಿನ ಇನ್ಸುಲೇಶನ್ ಹೋದ ದಿನ ಇಡೀ 230 ವೋಲ್ಟ್ ಆ ಕವಚದ ಮೇಲೆ ಬರುತ್ತದೆ. ಎಲೆಕ್ಟ್ರಿಶಿಯನ್ ಕರೆಸಿ ಅರ್ಥಿಂಗ್ ನೋಡಿಸದೆ ಅಂಥ ಕಡೆ ಮಕ್ಕಳ ಕೈಗೆ ಕಂಪ್ಯೂಟರ್ ಕೊಡಬೇಡಿ. ಪೆಟ್ಟಿಗೆಯ ಅರ್ಥ್ ಪರೀಕ್ಷೆ ಸುಲಭ: ಪ್ಲಗ್ಗನ್ನು ಗೋಡೆಯಿಂದ ಕಿತ್ತು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್ಗಿನ ದಪ್ಪ ಪಿನ್ನಿಗೆ, ಇನ್ನೊಂದನ್ನು ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಓಮ್ ಲೆಕ್ಕ ಸೊನ್ನೆಯ ಹತ್ತಿರವಿರಬೇಕು. ಉಳಿದೆರಡು ಪಿನ್ನುಗಳಿಂದ ಲೋಹಕ್ಕೆ ಯಾವ ಸಂಪರ್ಕವೂ ಕಾಣಬಾರದು.

ಇಷ್ಟರಲ್ಲಿ ಪಾಸಾದರೆ ಕರೆಂಟ್ ಕೊಡಬಹುದು, ಆದರೆ ಕಂಪ್ಯೂಟರಿಗೆ ಜೋಡಿಸದೆ. ರಿಪೇರಿಯವರು ಮೊದಲ ಸಲ ಸೀರೀಸ್ ಬೋರ್ಡಿನ ಮೂಲಕ ಹಚ್ಚುತ್ತಾರೆ. ಫೇಸ್ ವೈರಿನ ದಾರಿಯಲ್ಲಿ 60 ಅಥವಾ 100 ವ್ಯಾಟಿನ ಹಳೇ ತಂತಿ ಬಲ್ಬ್ ಇರುತ್ತದೆ, ಎಲ್‌ಇಡಿ ಇದಕ್ಕೆ ಆಗದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರ್ ತುಂಬಿಕೊಂಡಿತು ಎಂದರ್ಥ. ಪೂರ್ತಿ ಬೆಳಕಿನಲ್ಲೇ ಉರಿದರೆ ಒಳಗೆ ಶಾರ್ಟ್ ಇದೆ. ಬಲ್ಬ್ ಕರೆಂಟನ್ನು ತಡೆದದ್ದರಿಂದ ಸ್ಫೋಟ ತಪ್ಪಿತು.

ಆಮೇಲೆ ಹೊರೆ ಹಾಕಿ ಅಳೆಯಬೇಕು. ದೊಡ್ಡ ಕನೆಕ್ಟರಿನ ಹಸಿರು ವೈರನ್ನು ಪಕ್ಕದ ಕಪ್ಪಿಗೆ ಸೇರಿಸಿದರೆ ಎಟಿಎಕ್ಸ್ ಪೆಟ್ಟಿಗೆ ಚಾಲೂ ಆಗುತ್ತದೆ. ಹೊರೆಗೆ ಬೈಕಿನ 12 ವೋಲ್ಟಿನ ಹೆಡ್‌ಲೈಟ್ ಬಲ್ಬ್ ಅಚ್ಚುಕಟ್ಟು: 35 ವ್ಯಾಟಿನದು ಸುಮಾರು 3 ಆಂಪಿಯರ್ ಎಳೆಯುತ್ತದೆ. ಒಂದನ್ನು ಹಳದಿ ವೈರಿಗೆ, ಇನ್ನೊಂದನ್ನು ಕೆಂಪಿಗೆ ಹಾಕಿ. ಹಳೇ ವಿನ್ಯಾಸಗಳಲ್ಲಿ 12 ಮತ್ತು 5 ವೋಲ್ಟ್ ಒಟ್ಟಿಗೇ ನಿಯಂತ್ರಣಗೊಳ್ಳುವುದರಿಂದ ಒಂದರ ಮೇಲೆ ಮಾತ್ರ ಹೊರೆ ಬಿದ್ದರೆ ಇನ್ನೊಂದು ಮೇಲೇರುತ್ತದೆ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲೂ ನೇರಳೆಯಲ್ಲೂ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಇರಬೇಕು. ಅರ್ಧ ಗಂಟೆ ಉರಿಯಲು ಬಿಟ್ಟು, ಪಕ್ಕದಲ್ಲೇ ಇದ್ದು, ಮತ್ತೆ ಅಳೆಯಿರಿ. ತಣ್ಣಗಿದ್ದಾಗ ಸರಿಯಾಗಿದ್ದು ಬಿಸಿಯಾದಂತೆ ಜಾರುವ ಪೆಟ್ಟಿಗೆಗಳೇ ಹೆಚ್ಚು ಮೋಸ ಮಾಡುವುದು.

ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು. ಅದರ ಮೇಲೆ ಸವಾರಿ ಮಾಡುವ ಸಣ್ಣ ಅಲೆಗಳು, ಅಂದರೆ ರಿಪಲ್, ಅದಕ್ಕೆ ಕಾಣುವುದಿಲ್ಲ. 12 ವೋಲ್ಟಿನಲ್ಲಿ 120 ಮಿಲಿವೋಲ್ಟ್, 5 ಮತ್ತು 3.3ರಲ್ಲಿ 50 ಮಿಲಿವೋಲ್ಟ್ ರಿಪಲ್‌ನ ಮಿತಿ. ನೋಡಲು ಆಸಿಲೋಸ್ಕೋಪ್ ಬೇಕು. ಒಣಗಿದ ಕೆಪಾಸಿಟರಿನ ಮೊದಲ ಸುಳಿವು ಸಿಗುವುದು ಅಲ್ಲೇ. ಬಳಕೆಯಲ್ಲಿರುವ ಯಂತ್ರವಾದರೆ ಇನ್ನೊಂದು ಸುಳಿವು ಕರೆಂಟ್ ಹೋದಾಗ ಸಿಗುತ್ತದೆ. ಯುಪಿಎಸ್‌ನ ಬ್ಯಾಟರಿ ಗಟ್ಟಿಯಿದ್ದೂ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ, ಕೆಲವು ಮಿಲಿಸೆಕೆಂಡ್ ತಡೆಯುವ ಶಕ್ತಿಯೂ ಆ ದಪ್ಪ ಕೆಪಾಸಿಟರ್‌ಗಳಲ್ಲಿ ಉಳಿದಿಲ್ಲದಿರಬಹುದು.

ನನ್ನ ಅಭಿಪ್ರಾಯ ಕಟುವಾದದ್ದೇ: ಹತ್ತು ವರ್ಷ ದಾಟಿದ, ಹಗುರ ತೂಕದ ಅಗ್ಗದ ಎಸ್‌ಎಂಪಿಎಸ್ ಎಲ್ಲ ಪರೀಕ್ಷೆಯಲ್ಲಿ ಗೆದ್ದರೂ ಅದಕ್ಕೆ ಬೆಲೆಬಾಳುವ ಡಿಸ್ಕ್ ಜೋಡಿಸಬಾರದು. ಹೊಸದು ಕೊಳ್ಳುವಾಗಲೂ ಲೇಬಲ್ಲಿನ ದೊಡ್ಡ ಅಂಕಿಗೆ ಮರುಳಾಗದೆ 12 ವೋಲ್ಟಿನ ಸಾಲು ಓದಿ. 450 ವ್ಯಾಟ್ ಎಂದು ಬರೆದು, ಆ ಸಾಲಿನಲ್ಲಿ 15 ಆಂಪಿಯರ್ ಮಾತ್ರ ಇದ್ದರೆ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸೇರಿ ಸಿಗುವುದು 180 ವ್ಯಾಟ್.

ಬೇಡವೆಂದು ತೀರ್ಮಾನಿಸಿದ ಪೆಟ್ಟಿಗೆಯನ್ನು ಹಾಗೇ ಗುಜರಿಗೆ ಕೊಟ್ಟರೆ ಅದು ಧೂಳು ಒರೆಸಿಕೊಂಡು ಇನ್ಯಾರದೋ ಕ್ಯಾಬಿನೆಟ್ಟಿಗೆ ಸೇರುತ್ತದೆ. ಪ್ಲಗ್ ಕಿತ್ತು ಒಂದು ದಿನ ಬಿಟ್ಟು, ಮದರ್‌ಬೋರ್ಡಿಗೆ ಹೋಗುವ ದೊಡ್ಡ ಕನೆಕ್ಟರನ್ನು ವೈರುಗಳ ಬುಡಕ್ಕೇ ಕತ್ತರಿಸಿ, ‘ಕೆಟ್ಟಿದೆ’ ಎಂದು ಮಾರ್ಕರಿನಲ್ಲಿ ಬರೆದು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹಳೇ ಬೋರ್ಡುಗಳ ಬೆಸುಗೆಯಲ್ಲಿ ಸೀಸ ಇರುವುದರಿಂದ ಮನೆಯ ಕಸದ ಜೊತೆ ಅದು ಹೋಗುವಂತಿಲ್ಲ.