ಗುಂಡುಮಾಲಿನ ಮತ, ಕೊಡಂಗಲ್ಲಿನ ಪೆಟ್ಟಿಗೆ

ಸಮಾಜ ಪಾಠದ ವೇಳೆಯಲ್ಲಿ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಗುರುಗಳೇ, ಗುಂಡುಮಾಲ್ ಇರುವುದು ನಾರಾಯಣಪೇಟೆ ಜಿಲ್ಲೆಯಲ್ಲಿ. ಮತ ಮಾತ್ರ ಕೊಡಂಗಲ್ಲಿಗೆ ಏಕೆ?" ಎಂದು ಕೇಳಿದನು. ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವನಿಗೆ ಹೇಳಿದ್ದನ್ನೇ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಕೊಡಂಗಲ್ ತಾಲೂಕು ನಿಜಾಮರ ಕಾಲದಲ್ಲಿ ಗುಲ್ಬರ್ಗಾ ಜಿಲ್ಲೆಗೆ ಸೇರಿತ್ತು. 1952ರ ಮೊದಲ ಮಹಾಚುನಾವಣೆಯಲ್ಲಿ ಇಲ್ಲಿನ ಜನರು ಹೈದರಾಬಾದ್ ವಿಧಾನಸಭೆಗೆ ಮತ ನೀಡಿದ್ದು ಗುಲ್ಬರ್ಗಾ ಜಿಲ್ಲೆಯವರಾಗಿಯೇ. 1956ರ ನವೆಂಬರ್ 1ರಂದು ಆ ಜಿಲ್ಲೆಯೆಲ್ಲ ಮೈಸೂರು ರಾಜ್ಯಕ್ಕೆ ಹೋಯಿತು. ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳೆರಡು ಮಾತ್ರ ಆಂಧ್ರಪ್ರದೇಶದಲ್ಲಿ ಉಳಿದವು. ರಾಯಚೂರಿನಿಂದ ಗದ್ವಾಲ, ಆಲಂಪುರಗಳು ಬೇರ್ಪಟ್ಟದ್ದೂ ಅಂದೇ. ಗೆರೆಯು ನಕ್ಷೆಯ ಮೇಲೆ ಬಿತ್ತೇ ಹೊರತು ಸಂತೆ, ಜಾತ್ರೆ, ಹೆಣ್ಣು ಕೊಟ್ಟು ತರುವ ಸಂಬಂಧಗಳು ಅದನ್ನು ಇಂದಿಗೂ ಲೆಕ್ಕಿಸಿಲ್ಲ.

ಮುಂದಿನ ಚರಿತ್ರೆಯ ಬಹುಭಾಗ ಇಬ್ಬರ ಪೈಪೋಟಿ. ಗುರುನಾಥ ರೆಡ್ಡಿಯವರು 1978, 1983, 1989, 1999 ಮತ್ತು 2004ರಲ್ಲಿ ಗೆದ್ದರು. ನಡುವೆ 1985 ಮತ್ತು 1994ರಲ್ಲಿ ತೆಲುಗುದೇಶಂನ ನಂದಾರಂ ವೆಂಕಟಯ್ಯನವರಿಗೆ ಜಯ ದೊರೆಯಿತು. 2009ರಲ್ಲಿ ಹೊರಗಿನಿಂದ ಬಂದ ರೇವಂತ್ ರೆಡ್ಡಿಯವರು ತೆಲುಗುದೇಶಂ ಪಕ್ಷದಿಂದ ನಿಂತು ಗುರುನಾಥ ರೆಡ್ಡಿಯವರನ್ನು ಸೋಲಿಸಿದರು, 2014ರಲ್ಲಿಯೂ ಹಾಗೆಯೇ. 2017ರಲ್ಲಿ ಕಾಂಗ್ರೆಸ್ ಸೇರಿದ ಅವರನ್ನು 2018ರಲ್ಲಿ ಪಟ್ನಂ ನರೇಂದರ್ ರೆಡ್ಡಿಯವರು 9 ಸಾವಿರಕ್ಕೂ ಹೆಚ್ಚು ಮತಗಳಿಂದ ಮಣಿಸಿದರು. 2023ರಲ್ಲಿ ಅದೇ ಮತದಾರರು ರೇವಂತ್ ರೆಡ್ಡಿಯವರನ್ನು 32 ಸಾವಿರಕ್ಕೂ ಮಿಗಿಲಾದ ಅಂತರದಿಂದ ಗೆಲ್ಲಿಸಿದರು. ಡಿಸೆಂಬರ್ 7ರಂದು ಅವರು ತೆಲಂಗಾಣದ ಮುಖ್ಯಮಂತ್ರಿಗಳಾದರು. ಒಮ್ಮೆ ಕಳೆದುಕೊಂಡವರಿಗೇ ಮರಳಿ ಕೊಡುವ ಈ ಮತದಾರನನ್ನು ನಿರಕ್ಷರಿ ಎಂದು ಹಗುರಾಗಿ ಕಾಣುವವರನ್ನು ನಾನು ಒಪ್ಪಲಾರೆ.

ಹುಡುಗನ ಪ್ರಶ್ನೆ ಇನ್ನೂ ಉಳಿದಿದೆ. 2016ರಲ್ಲಿ ಜಿಲ್ಲೆಗಳನ್ನು ಒಡೆದಾಗ ಕೊಡಂಗಲ್ ವಿಕಾರಾಬಾದಿಗೆ ಹೋಯಿತು. ಕೋಸ್ಗಿ, ಮದ್ದೂರುಗಳು 2019ರಲ್ಲಿ ಹೊಸ ನಾರಾಯಣಪೇಟೆ ಜಿಲ್ಲೆಗೆ ಬಂದವು. ಗುಂಡುಮಾಲ್ ಪ್ರತ್ಯೇಕ ಮಂಡಲವಾದದ್ದು ಆ ಬಳಿಕ. ಕ್ಷೇತ್ರದ ಎಲ್ಲೆ ಮಾತ್ರ ಮೊದಲಿನಂತೆಯೇ ಉಳಿಯಿತು. ಆದುದರಿಂದ ಜಿಲ್ಲಾಧಿಕಾರಿಗಳು ನಾರಾಯಣಪೇಟೆಯಲ್ಲಿ, ಕ್ಷೇತ್ರ ಕೊಡಂಗಲ್ಲಿನದು.

ಆದರೆ ಇಲ್ಲಿ ಮತದ ಬೆಲೆಯನ್ನು ನೀರಿನಲ್ಲಿ ಅಳೆಯಬೇಕು. ಪಾಲಮೂರು ಸೀಮೆಯ ಕೂಲಿಗಳು ಮುಂಬಯಿ, ಪುಣೆಗಳ ಕಟ್ಟಡ ಕೆಲಸಕ್ಕೆ ವಲಸೆ ಹೋಗುವುದು ತಲೆಮಾರುಗಳಿಂದ ನಡೆದುಬಂದಿದೆ. ಮಕ್ತಲ್, ನಾರಾಯಣಪೇಟೆ, ಕೊಡಂಗಲ್ ಭಾಗಗಳ ಸುಮಾರು 1 ಲಕ್ಷ ಎಕರೆಗೆ ಕೃಷ್ಣೆಯ ನೀರು ಹರಿಸಲು ಉದ್ದೇಶಿಸಿದ ಏತ ನೀರಾವರಿ ಯೋಜನೆಗೆ 2014ರಲ್ಲಿಯೇ ಆದೇಶವಾಗಿತ್ತು. ಶಂಕುಸ್ಥಾಪನೆಗೆ 2024ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಇದೇ ಕ್ಷೇತ್ರದ ಲಗಚೆರ್ಲದಲ್ಲಿ ಔಷಧ ಕಾರ್ಖಾನೆಗಳಿಗಾಗಿ ಭೂಮಿ ಕೊಡಲಾರೆವೆಂದು ರೈತರು ಸಿಡಿದೆದ್ದರು. ಗಲಭೆಯಾಗಿ ಹಲವರು ಸೆರೆಮನೆಗೆ ಹೋದರು. ಸರಕಾರವು ಆ ಪ್ರಕಟಣೆಯನ್ನು ಹಿಂತೆಗೆದುಕೊಂಡಿತು. ಮುಖ್ಯಮಂತ್ರಿಯ ಕ್ಷೇತ್ರವಾದ ಮಾತ್ರಕ್ಕೆ ಹೊಲದ ಮೇಲಿನ ಆಸೆಯನ್ನು ಯಾರೂ ಬಿಡುವುದಿಲ್ಲ.

2023ರ ನವೆಂಬರ್ 30ರ ಮತದಾನಕ್ಕೆ ನಮ್ಮ ಶಾಲೆಯ ಮಕ್ಕಳ ತಂದೆತಾಯಿಗಳು ರಾತ್ರಿಯ ಬಸ್ಸಿನಲ್ಲಿ ಊರಿಗೆ ಬಂದಿದ್ದರು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಅಜ್ಜಿಯ ಕೈಯ ರೊಟ್ಟಿ ಉಂಡು, ಮರುದಿನವೇ ಹೊರಟರು. ಮೂವರು ಮಕ್ಕಳು ಅವರೊಡನೆ ಹೋದರು. ಅವರ ಹೆಸರುಗಳನ್ನು ನಾನು ಹಾಜರಿ ಪುಸ್ತಕದಿಂದ ಆ ವರ್ಷವೆಲ್ಲ ತೆಗೆಯಲಿಲ್ಲ.