ಗೋಲಿನ ಗದ್ದಲ, ನೆರೆಮನೆಯ ನಿದ್ದೆ

ಫುಟ್ಬಾಲ್ ವಿಶ್ವಕಪ್ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಸೂರಿನಡಿ ಎರಡು ಪಾರ್ಟಿ. ಕಾಕ ಅರ್ಜೆಂಟೀನಾ, ತಮ್ಮ ಬ್ರೆಝಿಲ್. ದೋಹಾದಲ್ಲಿರುವ ಮಾಮ ಫೋನಿನಲ್ಲೇ ಜಗಳಕ್ಕೆ ಸೇರುತ್ತಾರೆ. "ಇವರಿಗೆ ಬೇರೆ ಕೆಲಸ ಇಲ್ಲವಾ?" ಎಂದು ಗದರುವ ಉಮ್ಮ ಪೆನಾಲ್ಟಿ ಶೂಟೌಟ್ ಶುರುವಾಗುವ ಹೊತ್ತಿಗೆ ಮೆಲ್ಲನೆ ಬಂದು ಬಾಗಿಲ ಬಳಿ ನಿಂತಿರುತ್ತಾರೆ.

ಈ ಜಗಳಗಳಲ್ಲಿ ಇನ್ನೂ ಮುಗಿಯದ್ದು ಒಂದಿದೆ. 2010ರ ಜುಲೈ 2, ಜೊಹಾನ್ಸ್‌ಬರ್ಗ್‌ನ ಸಾಕರ್ ಸಿಟಿ ಕ್ರೀಡಾಂಗಣ. ಘಾನಾ ಮತ್ತು ಉರುಗ್ವೆ ನಡುವಿನ ಕ್ವಾರ್ಟರ್ ಫೈನಲ್. ಹೆಚ್ಚುವರಿ ಸಮಯದ ಕೊನೆಯ ಗಳಿಗೆ, ಸ್ಕೋರ್ 1-1. ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ಉರುಗ್ವೆಯ ಲೂಯಿಸ್ ಸುವಾರೆಝ್ ಗೆರೆಯ ಮೇಲೆ ನಿಂತು ಕೈಯಿಂದ ತಡೆದ. ರೆಡ್ ಕಾರ್ಡ್ ಸಿಕ್ಕಿತು, ಘಾನಾಕ್ಕೆ ಪೆನಾಲ್ಟಿ. ಆದರೆ ಅಸಮೋವಾ ಗ್ಯಾನ್ ಒದ್ದ ಚೆಂಡು ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು ಆಚೆ ಹೋಯಿತು. ಶೂಟೌಟ್‌ನಲ್ಲಿ ಉರುಗ್ವೆ 4-2ರಿಂದ ಗೆದ್ದಿತು. ಆಫ್ರಿಕಾದ ತಂಡವೊಂದು ಮೊದಲ ಬಾರಿ ಸೆಮಿಫೈನಲ್‌ಗೆ ಹೋಗುವುದು ಕೈತಪ್ಪಿತು.

"ಹಗಲು ದರೋಡೆ" ಎಂದು ಒಬ್ಬರು. "ಶಿಕ್ಷೆ ಕೊಟ್ಟರಲ್ಲ, ಪೆನಾಲ್ಟಿ ತಪ್ಪಿಸಿಕೊಂಡದ್ದು ಯಾರ ತಪ್ಪು?" ಎಂದು ಇನ್ನೊಬ್ಬರು. ಗಮ್ಮತ್ತು ಇರುವುದು ಇಲ್ಲಿ. ಸುವಾರೆಝ್‌ನನ್ನು ಬೈಯುವ ಕಾಕನೇ 1986ರಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಕೈಯಿಂದ ಹೊಡೆದ ಗೋಲಿನ ಕಥೆಯನ್ನು ಮಕ್ಕಳಿಗೆ ಹೆಮ್ಮೆಯಿಂದ ಹೇಳುತ್ತಾರೆ. ನಮ್ಮವರ ಕೈ ಆದರೆ ಜಾಣತನ, ಬೇರೆಯವರ ಕೈ ಆದರೆ ಮೋಸ. ಸದ್ದಿನ ವಿಷಯದಲ್ಲೂ ನಾವು ಹೆಚ್ಚು ಕಡಿಮೆ ಹೀಗೆಯೇ.

2010ರ ಆ ವಿಶ್ವಕಪ್ ನೋಡಿದವರಿಗೆ ವುವುಝೆಲ ಮರೆತಿರಲಾರದು. ಹೆಚ್ಚು ಕಡಿಮೆ ಎರಡು ಅಡಿ ಉದ್ದದ ಪ್ಲಾಸ್ಟಿಕ್ ಕಹಳೆ. ಒಂದೇ ಸ್ವರ. ಸಾವಿರಾರು ಮಂದಿ ಒಟ್ಟಿಗೆ ಊದಿದಾಗ ಟಿವಿಯಲ್ಲಿ ಹೆಜ್ಜೇನಿನ ಗೂಡಿಗೆ ಕಲ್ಲು ಬಿದ್ದ ಹಾಗೆ ಕೇಳುತ್ತಿತ್ತು. ಕಿವಿಯ ಹತ್ತಿರ ಊದಿದರೆ ಸದ್ದು 120 ಡೆಸಿಬಲ್ ಮುಟ್ಟುತ್ತದೆ. ಹಿಂದಿನ ವರ್ಷ ಅಲ್ಲೇ ನಡೆದ ಕಾನ್ಫೆಡರೇಷನ್ಸ್ ಕಪ್‌ನಲ್ಲೇ ಸ್ಪೇನ್‌ನ ಝಾಬಿ ಅಲೊನ್ಸೊ ಇದನ್ನು ನಿಷೇಧಿಸಿ ಎಂದಿದ್ದರು. ವಿಶ್ವಕಪ್ ಶುರುವಾದ ಮೇಲೆ ಫ್ರಾನ್ಸ್ ನಾಯಕ ಪಾತ್ರಿಸ್ ಎವ್ರಾ, ಬೆಳಗ್ಗೆಯೇ ಊದಲು ಶುರು ಮಾಡುವುದರಿಂದ ನಿದ್ದೆ ಇಲ್ಲ ಎಂದು ದೂರಿದರು. ಬಿಬಿಸಿಗೆ ನೂರಾರು ವೀಕ್ಷಕರ ದೂರು ಹೋಯಿತು.

ಆಗಿನ ಫಿಫಾ ಅಧ್ಯಕ್ಷ ಸೆಪ್ ಬ್ಲಾಟರ್ ನಿಷೇಧಕ್ಕೆ ಒಪ್ಪಲಿಲ್ಲ. ಆಫ್ರಿಕಾದಲ್ಲಿ ನಡೆಯುವ ಮೊದಲ ವಿಶ್ವಕಪ್ಪನ್ನು ಯುರೋಪಿನದ್ದಾಗಿ ಮಾಡಬೇಡಿ ಎಂಬುದು ಅವರ ನಿಲುವು. ದಕ್ಷಿಣ ಆಫ್ರಿಕಾದವರಿಗೂ ಇದು ಬರೀ ಆಟಿಕೆಯಾಗಿರಲಿಲ್ಲ. ಫ್ರೆಡ್ಡಿ ಮಾಕೆ ಎಂಬ ಅಭಿಮಾನಿ, ಸೈಕಲ್ ಹಾರ್ನ್‌ನಿಂದ ಇದನ್ನು ಮೊದಲು ಮಾಡಿದ್ದು ನಾನೇ ಎನ್ನುತ್ತಾರೆ. ಅಲ್ಲಿನ ನಜರೆತ್ ಬ್ಯಾಪ್ಟಿಸ್ಟ್ ಚರ್ಚಿನವರು, ಇದು ನಮ್ಮ ಪ್ರಾರ್ಥನೆಯ ವಾದ್ಯ ಎನ್ನುತ್ತಾರೆ. ವರ್ಣಭೇದದ ಕಾಲದಲ್ಲಿ ಬಾಯಿ ಮುಚ್ಚಿಸಿಕೊಂಡಿದ್ದ ಜನ, ತಮ್ಮ ನೆಲದಲ್ಲಿ ಇಡೀ ಲೋಕ ಕೇಳುವಂತೆ ಸದ್ದು ಮಾಡಿದರು. ಅದು ಬೇರೆಯವರಿಗೆ ಕಿರಿಕಿರಿ ಎನಿಸಿತು.

ಆದರೆ ದೂರಿದವರೆಲ್ಲ ದುರುದ್ದೇಶದವರೂ ಅಲ್ಲ. ಈ ಕಹಳೆಯ ಸದ್ದಿನಲ್ಲಿ ಹಾಡು, ಘೋಷಣೆ, ಚಪ್ಪಾಳೆ ಎಲ್ಲ ಮುಳುಗಿ ಹೋಗುತ್ತದೆ ಎಂಬ ಮಾತಿನಲ್ಲಿ ಸತ್ಯವಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಯುರೋಪಿನ ಫುಟ್ಬಾಲ್ ಸಂಸ್ಥೆ ತನ್ನ ಪಂದ್ಯಗಳಲ್ಲಿ ವುವುಝೆಲವನ್ನು ನಿಷೇಧಿಸಿತು.

ಈಗ 2022ರ ಕತರ್‌ಗೆ ಬನ್ನಿ. ಡಿಸೆಂಬರ್ 6ರಂದು ಸ್ಪೇನ್ ವಿರುದ್ಧ ಮೊರಾಕ್ಕೊ. ಎದುರಾಳಿಯ ಕಾಲಿಗೆ ಚೆಂಡು ಸಿಕ್ಕಿದ ಕೂಡಲೇ ಮೊರಾಕ್ಕೊ ಅಭಿಮಾನಿಗಳ ಸಿಳ್ಳೆ. ಕಿವಿ ತೂತಾಗುವಂಥ ಸಿಳ್ಳೆ. ಸ್ಪೇನ್‌ನ ಮೂರು ಪೆನಾಲ್ಟಿಗಳಲ್ಲಿ ಒಂದೂ ಗೋಲಾಗಲಿಲ್ಲ. ಅಶ್ರಫ್ ಹಕೀಮಿ ಕೊನೆಯ ಚೆಂಡನ್ನು ತಣ್ಣಗೆ ತಟ್ಟಿ ಒಳಗೆ ಕಳುಹಿಸಿದಾಗ ನಮ್ಮ ಮನೆಗಳಲ್ಲೂ ಕುಣಿದದ್ದು ಸುಳ್ಳಲ್ಲ. ನಾಲ್ಕು ದಿನಗಳ ಬಳಿಕ ಪೋರ್ಚುಗಲ್ ಕೂಡಾ ಸೋತಿತು. 2010ರಲ್ಲಿ ಘಾನಾಕ್ಕೆ ತಪ್ಪಿದ ಸೆಮಿಫೈನಲ್ ಆಫ್ರಿಕಾಕ್ಕೆ ದಕ್ಕಿತು. ಗೆದ್ದು ಸುಜೂದ್ ಮಾಡಿದ ಆಟಗಾರರನ್ನು, ತಾಯಿಯ ಜೊತೆ ಮೈದಾನದಲ್ಲಿ ಕುಣಿದ ಸೂಫಿಯಾನ್ ಬುಫಾಲ್‌ನನ್ನು ನೋಡಿ ನಮ್ಮ ಉಮ್ಮಂದಿರ ಕಣ್ಣೂ ಒದ್ದೆಯಾಯಿತು.

ಆ ಸಿಳ್ಳೆ ನಮಗೆ ಕಿರಿಕಿರಿ ಅನಿಸಲಿಲ್ಲ. ವುವುಝೆಲ ಊದಿದಾಗ ಟಿವಿಯ ಧ್ವನಿ ಕಡಿಮೆ ಮಾಡಿದವರು ನಾವೇ, ಸಿಳ್ಳೆಗೆ ಧ್ವನಿ ಜಾಸ್ತಿ ಮಾಡಿದವರೂ ನಾವೇ.

ಮಸೀದಿಯ ಮೈಕ್ ಬಗ್ಗೆ ಚರ್ಚೆ ಎದ್ದಾಗೆಲ್ಲ ನಾವು ಕೇಳಿದ್ದು ಒಂದೇ ಮಾತು: ನಿಯಮ ಎಲ್ಲರಿಗೂ ಒಂದೇ ಇರಲಿ. ಅದು ನ್ಯಾಯವಾದ ಮಾತು. ಹಾಗಾದರೆ ಅದೇ ಅಳತೆಯನ್ನು ನಮ್ಮ ಬೀದಿಗೂ ಹಿಡಿಯಬೇಕು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಬೇಡ ಎನ್ನುತ್ತದೆ ಶಬ್ದ ಮಾಲಿನ್ಯದ ನಿಯಮ. 2005ರಲ್ಲಿ ಸುಪ್ರೀಂ ಕೋರ್ಟ್ ಅದೇ ಹೊತ್ತಿಗೆ ಪಟಾಕಿಯ ಸದ್ದನ್ನೂ ನಿಷೇಧಿಸಿತು. ಆದರೂ ಮ್ಯಾಚ್ ಮುಗಿದ ಮಧ್ಯರಾತ್ರಿ ಸೈಲೆನ್ಸರ್ ಬಿಚ್ಚಿದ ಬೈಕ್ ಓಡಿಸುವುದು, ಪಟಾಕಿ ಹೊಡೆಯುವುದು ನಮ್ಮ ಹುಡುಗರೇ ಅಲ್ಲವೇ? ಆ ಬೀದಿಯಲ್ಲಿ ಹೃದಯದ ಕಾಯಿಲೆಯ ಹಿರಿಯರಿದ್ದಾರೆ, ಬಾಣಂತಿ ಇದ್ದಾರೆ, ಬೆಳಗ್ಗೆ ಪರೀಕ್ಷೆಗೆ ಹೋಗುವ ಮಕ್ಕಳಿದ್ದಾರೆ. ನೆರೆಯವರು ಯಾವ ಧರ್ಮದವರೇ ಆಗಲಿ, ನಮ್ಮಿಂದ ಅವರಿಗೆ ತೊಂದರೆ ಆಗಬಾರದು ಎಂಬುದು ಮದ್ರಸದಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲಿ ಒಂದು.

2026ರ ವಿಶ್ವಕಪ್ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ. ಅಲ್ಲಿ ಸಂಜೆಯಾದರೆ ನಮ್ಮಲ್ಲಿ ಬೆಳಗಿನ ಜಾವ. ಹಾಗಾಗಿ ಹಲವು ಪಂದ್ಯಗಳು ಊರು ಮಲಗಿರುವ ಹೊತ್ತಿನವು. ಆಟ ನೋಡಬೇಡಿ ಎಂದು ಯಾವ ಹುಡುಗನಿಗೂ ನಾವು ಹೇಳುವುದಿಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡೋಣ, ಸುವಾರೆಝ್ ವಿಷಯ ಇನ್ನೊಮ್ಮೆ ಜಗಳವಾಡೋಣ. ಮ್ಯಾಚ್ ಮುಗಿದ ಮೇಲೆ ಸುಬಹಿ ನಮಾಝ್ ತಪ್ಪದಿರಲಿ. ಕಾಕನ ಅರ್ಜೆಂಟೀನಾ ಗೆದ್ದರೂ, ತಮ್ಮನ ಬ್ರೆಝಿಲ್ ಗೆದ್ದರೂ ಕೂಗು ಮನೆಯೊಳಗೇ ಇರಲಿ. ಬೆಳಕು ಹರಿದ ಮೇಲೆ ನೆರೆಮನೆಗೆ ಸಿಹಿ ಕೊಂಡುಹೋದರೆ, ಗೆದ್ದದ್ದು ಯಾರೆಂದು ಅವರಿಗೂ ಗೊತ್ತಾಗುತ್ತದೆ.